ಬ್ಲೂಸ್ ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತವೆ. ಅದರಲ್ಲಿ ನಿಮಗೆ ಅಂಥದ್ದೇನು ಸಿಗುತ್ತದೆ? ಹೊಸಬರು ಯಾರಿಂದ ಶುರು ಮಾಡಬೇಕು?

ಒಂದೇ ಥರ ಕೇಳಿಸುವುದು ನಿಜ. ವಾದ ಮಾಡುವುದಿಲ್ಲ. ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣದ ಕರಿಯರಲ್ಲಿ ಹುಟ್ಟಿದ ಹಾಡು, ಅದರಲ್ಲಿ ಬಹಳಷ್ಟು ಹಾಡುಗಳ ಚೌಕಟ್ಟು ಒಂದೇ. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಬಾರ್, ಅಂದರೆ ಹನ್ನೆರಡು ಆವರ್ತ; ಮೂರು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಮೂರು ಸ್ವರಗುಚ್ಛ. ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಟ್ಟು ಮುಗಿಸುತ್ತಾರೆ. ಮತ್ತೆ ಮೊದಲಿಂದ ಶುರು.

ಆದರೆ ಭೈರವಿ ಎಲ್ಲರದ್ದೂ ಒಂದೇ ಅಲ್ವಾ? ಗಂಗೂಬಾಯಿ ಹಾನಗಲ್ ಹಾಡಿದರೂ ಅದೇ ಸ್ವರ, ಭೀಮಸೇನ ಜೋಶಿ ಹಾಡಿದರೂ ಅದೇ ಸ್ವರ. ಹಾಗಂತ ಎರಡೂ ಒಂದೇ ಅಂತ ಯಾರೂ ಹೇಳುವುದಿಲ್ಲ. ಬ್ಲೂಸಿನಲ್ಲೂ ಅಷ್ಟೇ. ಚೌಕಟ್ಟು ಊರಿಗೆಲ್ಲ ಸೇರಿದ್ದು, ಅದರೊಳಗೆ ಕೂತಿರುವ ಆಳು ಬೇರೆ. ನಾನು ಹಾಡಿಗಿಂತ ಜಾಸ್ತಿ ಆಳನ್ನು ಕೇಳುತ್ತೇನೆ. ಅದಕ್ಕೇ ಬೇಸರ ಬಂದಿಲ್ಲ.

ಕೇಳುವಾಗ ಎರಡು ಕಡೆ ಕಿವಿ ಇಡಿ. ಒಂದು, ಹಾಡಿನ ಸಾಲು ಮುಗಿದ ಮೇಲೆ ಉಳಿಯುವ ಜಾಗ. ಒಂದು ಸಾಲಿಗೆ ನಾಲ್ಕು ಬಾರ್ ಇರುತ್ತದೆ, ಆದರೆ ಮಾತು ಎರಡು, ಎರಡೂವರೆ ಬಾರಿನಲ್ಲೇ ಮುಗಿದುಹೋಗುತ್ತದೆ. ಉಳಿದದ್ದು ಗಿಟಾರಿನ ಪಾಲು. ಹಾಡುಗಾರ, ಗಿಟಾರ್‌ವಾದಕ ಬಿ.ಬಿ. ಕಿಂಗ್ ಇದನ್ನೇ ಪೂರ್ತಿ ಶೈಲಿ ಮಾಡಿಕೊಂಡರು. ಒಟ್ಟೊಟ್ಟಿಗೆ ಹಾಡಿ ನುಡಿಸುವುದು ನನಗೆ ಬರುವುದಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರು ಹಾಡು ನಿಲ್ಲಿಸುತ್ತಾರೆ, ಲೂಸಿಲ್ ಅಂತ ಹೆಸರಿಟ್ಟ ಗಿಟಾರ್ ಮಾತಾಡುತ್ತದೆ, ಅದು ಸುಮ್ಮನಾದ ಮೇಲೆ ಮತ್ತೆ ಇವರು.

ಎರಡನೆಯದು ಗಾಂಧಾರ. ಕರ್ನಾಟಕ ಸಂಗೀತದ ಅಭ್ಯಾಸ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಬ್ಲೂಸಿನ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ. ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಪಿಯಾನೋದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಗಿಟಾರಿನಲ್ಲಿ ತಂತಿ ಎಳೆದರೆ ಸಿಗುತ್ತದೆ. ಬೆರಳಿಗೆ ಬಾಟಲಿಯ ಕತ್ತನ್ನೋ ಲೋಹದ ಕೊಳವೆಯನ್ನೋ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸಿದರೆ ಇನ್ನೂ ಚೆನ್ನಾಗಿ ಸಿಗುತ್ತದೆ. ಕಿವಿಗೆ ಗಮಕದ ಅಭ್ಯಾಸ ಇರುವ ನಮ್ಮಂಥವರಿಗೆ ಇದು ದೂರದ ಸಂಗೀತ ಅನ್ನಿಸುವುದೇ ಇಲ್ಲ.

ಈಗ ಯಾರಿಂದ ಶುರು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಸಾಮಾನ್ಯವಾಗಿ ಎಲ್ಲರೂ ಎಲೆಕ್ಟ್ರಿಕ್ ಗಿಟಾರ್ ಹೀರೋಗಳ ಹೆಸರು ಹೇಳುತ್ತಾರೆ. ನಾನು ಹೇಳುವುದು ಮಿಸಿಸಿಪ್ಪಿ ಜಾನ್ ಹರ್ಟ್.

ಹರ್ಟ್ ಮಿಸಿಸಿಪ್ಪಿ ರಾಜ್ಯದ ಅವಲಾನ್ ಅನ್ನುವ ಪುಟ್ಟ ಊರಿನ ಕೂಲಿ ರೈತ. 1928ರಲ್ಲಿ ಓಕೆ ಅನ್ನುವ ರೆಕಾರ್ಡ್ ಕಂಪನಿಯವರು ಅವರ ಹಾಡುಗಳನ್ನು ಮೊದಲು ಮೆಂಫಿಸ್‌ನಲ್ಲಿ, ವರ್ಷದ ಕೊನೆಗೆ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿಕೊಂಡರು. ರೆಕಾರ್ಡುಗಳು ಅಷ್ಟೇನೂ ಓಡಲಿಲ್ಲ. ಮರುವರ್ಷವೇ ಅಮೆರಿಕದ ಆರ್ಥಿಕತೆ ಕುಸಿಯಿತು. ಹರ್ಟ್ ಹೊಲಕ್ಕೆ ವಾಪಸಾದರು. ಮುಂದೆ ಮೂವತ್ತೈದು ವರ್ಷ ಹೊರಗಿನವರು ಯಾರೂ ಅವರನ್ನು ಕೇಳಲಿಲ್ಲ. 1952ರಲ್ಲಿ ಹ್ಯಾರಿ ಸ್ಮಿತ್ ಅನ್ನುವ ಸಂಗ್ರಾಹಕರು ಹಳೆಯ ರೆಕಾರ್ಡುಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಸಂಕಲನ ತಂದರು. ಅದರಲ್ಲಿ ಹರ್ಟ್ ಅವರ ಎರಡು ಹಾಡು ಇದ್ದವು. ಜಾನಪದ ಸಂಗೀತದ ಹುಚ್ಚು ಹಿಡಿದ ಹುಡುಗರು ಅವನ್ನು ಕೇಳಿದರು, ಆದರೆ ಹಾಡಿದವರು ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಸುಳಿವು ಹಾಡಿನಲ್ಲೇ ಇತ್ತು. 1928ರ ಒಂದು ಹಾಡಿನಲ್ಲಿ ಹರ್ಟ್, ಅವಲಾನ್ ನನ್ನ ಊರು, ಯಾವಾಗಲೂ ಮನಸ್ಸಿನಲ್ಲಿರುತ್ತದೆ ಅಂತ ಹಾಡಿದ್ದರು. ಹೊಸ ನಕ್ಷೆಗಳಲ್ಲಿ ಆ ಊರು ಕಾಣಿಸುತ್ತಿರಲಿಲ್ಲ. ಕೊನೆಗೆ ಹತ್ತೊಂಬತ್ತನೇ ಶತಮಾನದ ಒಂದು ಅಟ್ಲಾಸಿನಲ್ಲಿ ಅದು ಸಿಕ್ಕಿತು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನುವ ಸಂಗೀತ ಪ್ರೇಮಿ ಕಾರು ತೆಗೆದುಕೊಂಡು ಹೋದರು, ಅಂಗಡಿಯಲ್ಲಿ ವಿಚಾರಿಸಿದರು, ಅಲ್ಲಿದ್ದವರು ದಾರಿ ತೋರಿಸಿದರು. ಹರ್ಟ್ ಅಲ್ಲೇ ಇದ್ದರು, ದನ ನೋಡಿಕೊಂಡು. ವಯಸ್ಸು ಎಪ್ಪತ್ತರ ಆಸುಪಾಸು. ಬಾಗಿಲಿಗೆ ಬಂದ ಬಿಳಿಯ ಹುಡುಗ ಪೊಲೀಸಿನವನೇ ಇರಬೇಕು ಅಂತ ಹೆದರಿದರಂತೆ. ಆಗಿನ ಮಿಸಿಸಿಪ್ಪಿಯಲ್ಲಿ ಕರಿಯ ಮುದುಕರೊಬ್ಬರಿಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆಯಲ್ಲಿ ಗಿಟಾರ್ ಕೂಡ ಇರಲಿಲ್ಲ. ಹಾಸ್ಕಿನ್ಸ್ ತಂದಿದ್ದನ್ನೇ ಕೈಗೆ ಕೊಟ್ಟರು. ಅದೇ ಬೇಸಗೆಯಲ್ಲಿ ಹರ್ಟ್ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಯಲ್ಲಿದ್ದರು. 1966ರಲ್ಲಿ ತೀರಿಕೊಳ್ಳುವ ತನಕ ಮೂರು ವರ್ಷ ಹಾಡಿದರು. ನಮಗೆ ಸಿಕ್ಕಿದ್ದು ಆ ಮೂರು ವರ್ಷ ಮತ್ತು 1928ರ ಆ ಒಂದಷ್ಟು ಹಾಡುಗಳು.

ಅವರು ನುಡಿಸುವ ವಿಡಿಯೋ ಇದೆ, ಜಾನಪದ ಹಾಡುಗಾರ ಪೀಟ್ ಸೀಗರ್ ನಡೆಸಿಕೊಡುತ್ತಿದ್ದ ಟಿವಿ ಕಾರ್ಯಕ್ರಮದ್ದು. ಬಲಗೈ ಮಾತ್ರ ನೋಡಿ. ಉಂಗುರದ ಬೆರಳು, ಕಿರುಬೆರಳು ಗಿಟಾರಿನ ಹಲಗೆಯ ಮೇಲೆ ಊರಿಕೊಂಡಿರುತ್ತವೆ, ಅಲ್ಲಾಡುವುದಿಲ್ಲ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಆ ಕಡೆ ಈ ಕಡೆ ಒಂದೇ ಸಮನೆ ಹೋಗುತ್ತಿರುತ್ತದೆ, ಒಂದು ಏಟೂ ತಪ್ಪುವುದಿಲ್ಲ. ಹಾಡಿನ ಧಾಟಿ ಇರುವುದು ಉಳಿದ ಎರಡು ಬೆರಳುಗಳಲ್ಲಿ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಕೂಗಾಟವಿಲ್ಲ, ಅಬ್ಬರವಿಲ್ಲ. ಹಾಡುವುದು ಕೊಲೆಯ ಕಥೆ, ಆದರೆ ದನಿ ಮಾತ್ರ ಪಕ್ಕದಲ್ಲಿ ಕೂತು ಹರಟುವವರದ್ದು. ಬ್ಲೂಸ್ ಅಂದರೆ ಬರೀ ಅಳು ಅಂತ ತಿಳಿದವರಿಗೆ ಅದಕ್ಕೇ ನಾನು ಹರ್ಟ್ ಅವರನ್ನು ಮೊದಲು ಕೇಳಿಸುವುದು.

ಅವರಿಗೆ ಪೂರ್ತಿ ವಿರುದ್ಧ ಸನ್ ಹೌಸ್. ಹರ್ಟ್ ಆದ ಮೇಲೆ ಇವರನ್ನೇ ಕೇಳಿ. ಹೌಸ್ ಮೊದಲು ಪಾದ್ರಿಯಾಗಿದ್ದವರು. ಬ್ಲೂಸ್ ಸೈತಾನನ ಹಾಡು ಅಂತ ನಂಬಿದ್ದ ಚರ್ಚಿನಿಂದ ಬಂದವರು, ಆಮೇಲೆ ಅದೇ ಬ್ಲೂಸಿಗೆ ಬಿದ್ದವರು. ಆ ಜಗಳ ಅವರ ಪ್ರತಿ ಹಾಡಿನಲ್ಲೂ ಕೇಳಿಸುತ್ತದೆ. ಒಬ್ಬನನ್ನು ಕೊಂದು ಪಾರ್ಚ್‌ಮನ್ ಜೈಲಿಗೂ ಹೋಗಿಬಂದವರು. 1930ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ಹಾಡಿದರು, 1941 ಮತ್ತು 42ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಜಾನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಅವರಿಗೆ ಹಾಡಿದರು. 1943ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ಗೆ ಹೋಗಿ ನೆಲೆಸಿದರು. ಅಲ್ಲಿ ರೈಲ್ವೆ ಕೆಲಸ. ನಿಧಾನವಾಗಿ ಗಿಟಾರ್ ಮೂಲೆ ಸೇರಿತು.

1964ರ ಜೂನ್‌ನಲ್ಲಿ ಮೂವರು ಹುಡುಗರು ಅವರನ್ನು ಹುಡುಕಿಕೊಂಡು ಮಿಸಿಸಿಪ್ಪಿಯೆಲ್ಲ ಸುತ್ತಿದರು. ಅದು ಎಂಥ ಸಮಯ ಗೊತ್ತಾ? ಅದೇ ತಿಂಗಳು, ಅದೇ ರಾಜ್ಯದಲ್ಲಿ, ಕರಿಯರ ಹಕ್ಕುಗಳಿಗಾಗಿ ಕೆಲಸ ಮಾಡುತ್ತಿದ್ದ ಮೂವರು ಯುವಕರನ್ನು ಕೊಂದು ಹೂತಿದ್ದರು. ಉತ್ತರದಿಂದ ಬಂದ ಅಪರಿಚಿತರು ಕರಿಯರ ಕೇರಿಗಳಲ್ಲಿ ಓಡಾಡುವುದು ಹುಡುಗಾಟವಾಗಿರಲಿಲ್ಲ. ಕೊನೆಗೆ ನೋಡಿದರೆ ಹೌಸ್ ಇದ್ದದ್ದು ಮಿಸಿಸಿಪ್ಪಿಯಲ್ಲಲ್ಲ, ರೋಚೆಸ್ಟರ್‌ನಲ್ಲಿ. ಸಿಕ್ಕರು ಸರಿ, ಆದರೆ ತಮ್ಮ ಹಾಡುಗಳನ್ನೇ ಮರೆತಿದ್ದರು. ಆಗ ಅಲ್ ವಿಲ್ಸನ್ ಅನ್ನುವ ಇಪ್ಪತ್ತರ ಹುಡುಗ, ಮುಂದೆ ಕ್ಯಾನ್ಡ್ ಹೀಟ್ ಬ್ಯಾಂಡ್ ಕಟ್ಟಿದವನು, ಎದುರಿಗೆ ಕೂತು ಹಳೆಯ ರೆಕಾರ್ಡುಗಳಲ್ಲಿ ಹೌಸ್ ಹೇಗೆ ನುಡಿಸಿದ್ದರೋ ಹಾಗೆ ನುಡಿಸಿ ತೋರಿಸಿದ. ಅರವತ್ತು ದಾಟಿದವರು ಸನ್ ಹೌಸ್ ಥರ ನುಡಿಸುವುದು ಹೇಗೆ ಅಂತ ಒಬ್ಬ ಹುಡುಗನಿಂದ ಮತ್ತೆ ಕಲಿತರು. 1965ರಲ್ಲಿ ಕೊಲಂಬಿಯಾ ಕಂಪನಿಗೆ ಹೊಸದಾಗಿ ಹಾಡಿದರು.

ಆ 1965ರ ರೆಕಾರ್ಡಿನಲ್ಲಿ ಡೆತ್ ಲೆಟರ್ ಅನ್ನುವ ಹಾಡಿದೆ. ಬೆಳಿಗ್ಗೆ ಕಾಗದ ಬರುತ್ತದೆ, ನೀನು ಪ್ರೀತಿಸಿದವಳು ಸತ್ತಳು ಅಂತ. ಅವನು ಬಟ್ಟೆಯ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾನೆ. ಅವಳನ್ನು ಗುಂಡಿಗೆ ಇಳಿಸುವ ತನಕ ತನ್ನ ಪ್ರೀತಿ ತನಗೇ ತಿಳಿದಿರುವುದಿಲ್ಲ. ಕಥೆ ಇಷ್ಟೇ. ಆದರೆ ಉಕ್ಕಿನ ಗಿಟಾರಿನ ತಂತಿಗಳನ್ನು ಅವರು ಕಿತ್ತುಹಾಕುವ ಹಾಗೆ ಎಳೆಯುತ್ತಾರೆ. ಲೋಹದ ಕೊಳವೆ ಕಿರುಚುತ್ತದೆ. ಅದೇ ರೆಕಾರ್ಡಿನಲ್ಲಿ ಗಿಟಾರೇ ಇಲ್ಲದ ಹಾಡುಗಳೂ ಇವೆ, ಬರೀ ಚಪ್ಪಾಳೆ ಮತ್ತು ದನಿ. ಹನ್ನೆರಡು ಬಾರೂ ಇಲ್ಲ, ಮೂರು ಕಾರ್ಡೂ ಇಲ್ಲ. ಎಲ್ಲ ಒಂದೇ ಥರ ಅಂದಿರಲ್ಲ, ಅವನ್ನು ಕೇಳಿದ ಮೇಲೆ ಹೇಳಿ.

ಸ್ಕಿಪ್ ಜೇಮ್ಸ್ ಅವರದ್ದೂ ಇಂಥದ್ದೇ ಕಥೆ. 1931ರಲ್ಲಿ ಹಾಡಿ, ಆಮೇಲೆ ಕಾಣೆಯಾಗಿ, 1964ರಲ್ಲಿ ಟುನಿಕಾ ಊರಿನ ಆಸ್ಪತ್ರೆಯಲ್ಲಿ ಸಿಕ್ಕರು. ಗಿಟಾರನ್ನು ಮಂಕಾಗಿ ಕೇಳಿಸುವ ಮೈನರ್ ಕಾರ್ಡಿಗೆ ಶ್ರುತಿ ಮಾಡಿಕೊಂಡು, ಹೆಣ್ಣು ದನಿಯಷ್ಟು ಮೇಲೆ ಹೋಗಿ ಹಾಡುತ್ತಾರೆ. ರಾತ್ರಿ ಒಬ್ಬರೇ ಇರುವಾಗ ಬೇಡ.

ರಾಬರ್ಟ್ ಜಾನ್ಸನ್ ಹೆಸರು ನೀವು ಕೇಳಿಯೇ ಇರುತ್ತೀರಿ. ಅವರನ್ನು ಕೇಳಲೇಬೇಕು, 29 ಹಾಡುಗಳಷ್ಟೇ ಉಳಿದಿರುವುದು. ಆದರೆ ನಾಲ್ಕುದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತರು ಅನ್ನುವ ಕಥೆ ಕೇಳಿ ಕೇಳಿ ನನಗಂತೂ ಸಾಕಾಗಿದೆ. ಅವರು ಐಕ್ ಝಿಮರ್‌ಮನ್ ಅನ್ನುವ ಗಿಟಾರ್‌ವಾದಕರ ಹತ್ತಿರ ಕಲಿತರು. ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು, ಯಾರಿಗೂ ತೊಂದರೆ ಆಗದಿರಲಿ ಅಂತ. ಪಾಪ, ಕಲಿಸಿದ ಗುರುವಿನ ಹೆಸರು ಯಾರಿಗೂ ಗೊತ್ತಿಲ್ಲ, ಕೀರ್ತಿಯೆಲ್ಲ ಸೈತಾನನಿಗೆ.

ಇಷ್ಟಾದ ಮೇಲೆ ಎಲೆಕ್ಟ್ರಿಕ್‌ಗೆ ಬನ್ನಿ. ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಸ್ಟೋವಾಲ್ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. 1941ರಲ್ಲಿ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಬಂದು ಮಡ್ಡಿಯ ಮನೆಯಲ್ಲೇ ರೆಕಾರ್ಡ್ ಮಾಡಿದರು. ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡ ಮೇಲೆ ಮಡ್ಡಿಗೆ ಧೈರ್ಯ ಬಂತು. 1943ರಲ್ಲಿ ರೈಲು ಹತ್ತಿ ಶಿಕಾಗೋಗೆ ಹೋದರು, ದಕ್ಷಿಣದ ಲಕ್ಷಾಂತರ ಕರಿಯರು ಹೋದ ಹಾಗೆ. ಅಲ್ಲಿನ ಬಾರುಗಳ ಗಲಾಟೆಯಲ್ಲಿ ಮರದ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಎಲೆಕ್ಟ್ರಿಕ್. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರಲ್ಲ, ಆ ಬ್ಯಾಂಡಿನ ಹೆಸರು ಬಂದದ್ದು ಮಡ್ಡಿಯವರ 1950ರ ಹಾಡಿನಿಂದ.

ಜಾನ್ ಲೀ ಹೂಕರ್ ಅವರನ್ನು ಬಿಡಬೇಡಿ. 1948ರ ಅವರ ಮೊದಲ ಹಿಟ್‌ನಲ್ಲಿ ಇರುವುದು ಒಂದು ದನಿ, ಒಂದು ಗಿಟಾರ್, ನೆಲಕ್ಕೆ ಬಡಿಯುವ ಪಾದ. ಒಂದೇ ಕಾರ್ಡಿನಲ್ಲಿ ಹಾಡೆಲ್ಲ ಮುಗಿದುಹೋಗುತ್ತದೆ.

ಹೆಂಗಸರ ವಿಷಯ ಬಹಳ ಜನ ಮರೆಯುತ್ತಾರೆ. ರೆಕಾರ್ಡ್ ಲೋಕಕ್ಕೆ ಕರಿಯರ ಬ್ಲೂಸ್ ದನಿಯನ್ನು ತಂದದ್ದೇ ಅವರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ರೆಕಾರ್ಡ್ ಓಡಿದ ಮೇಲೆಯೇ ಕಂಪನಿಗಳು ಕರಿಯ ಹಾಡುಗಾರರನ್ನು ಹುಡುಕಲು ಶುರು ಮಾಡಿದ್ದು. ಬೆಸ್ಸಿ ಸ್ಮಿತ್ ಇಪ್ಪತ್ತರ ದಶಕದ ದೊಡ್ಡ ಸ್ಟಾರ್. 1937ರಲ್ಲಿ ಕಾರು ಅಪಘಾತದಲ್ಲಿ ಹೋದರು. ಅವರ ಸಮಾಧಿಗೆ ಒಂದು ಕಲ್ಲು ಬಿದ್ದದ್ದು 1970ರಲ್ಲಿ, ಅದಕ್ಕೆ ದುಡ್ಡು ಕೊಟ್ಟವರಲ್ಲಿ ರಾಕ್ ಹಾಡುಗಾರ್ತಿ ಜಾನಿಸ್ ಜಾಪ್ಲಿನ್ ಒಬ್ಬರು. ಗಿಟಾರ್ ಬೇಕು ಅಂದರೆ ಮೆಂಫಿಸ್ ಮಿನ್ನಿ ಕೇಳಿ. ಸ್ಪರ್ಧೆಯಲ್ಲಿ ಆಕೆ ತನ್ನನ್ನು ಸೋಲಿಸಿದ್ದಳು ಅಂತ ಬ್ಲೂಸ್ ಗಿಟಾರ್‌ವಾದಕ ಬಿಗ್ ಬಿಲ್ ಬ್ರೂಂಜಿ ತಾವೇ ಹೇಳಿಕೊಂಡಿದ್ದಾರೆ.

ಇನ್ನೊಂದು ರೆಕಾರ್ಡ್ ಬ್ಲೂಸ್ ಹೌದೋ ಅಲ್ಲವೋ ಅನ್ನುವ ಜಗಳ ಇದೆ. ಬ್ಲೈಂಡ್ ವಿಲ್ಲಿ ಜಾನ್ಸನ್ ದೇವರ ಹಾಡುಗಳನ್ನು ಬಿಟ್ಟು ಬೇರೇನೂ ಹಾಡಲಿಲ್ಲ. ಆದರೆ 1927ರಲ್ಲಿ ಡಲ್ಲಾಸ್‌ನಲ್ಲಿ ಅವರು ಮಾಡಿದ ಒಂದು ರೆಕಾರ್ಡಿನಲ್ಲಿ ಮಾತೇ ಇಲ್ಲ. ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್, ಜೊತೆಗೆ ಗುನುಗುವ, ನರಳುವ ದನಿ. ಮೂರು ನಿಮಿಷ ಚಿಲ್ಲರೆ. 1977ರಲ್ಲಿ ನಾಸಾ ವಾಯೇಜರ್ ನೌಕೆಗಳಲ್ಲಿ ಕಳಿಸಿದ ಚಿನ್ನದ ರೆಕಾರ್ಡಿನಲ್ಲಿ ಅದೂ ಇದೆ. ಅದರ ಹಿಂದಿನ ಹಾಡು ಯಾವುದು ಗೊತ್ತಾ? ಕೇಸರಬಾಯಿ ಕೇರ್ಕರ್ ಅವರ ಭೈರವಿ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಅದೇ ಜೈಪುರ ಘರಾನೆಯವರು. ಎರಡನ್ನೂ ಆ ಸಾಲಿನಲ್ಲೇ, ನಡುವೆ ನಿಲ್ಲಿಸದೆ ಒಮ್ಮೆ ಕೇಳಿ ನೋಡಿ. ಇವರ ಕಂಠ ಜಾರುವ ಕಡೆ ಅವರ ತಂತಿ ಜಾರುತ್ತದೆ.

ಎದುರಿಗೆ ಕೂತು ಕೇಳಬೇಕು ಅಂತಿದ್ದರೆ ಮುಂಬೈಯ ಬಾಂದ್ರಾದಲ್ಲಿ 2011ರಿಂದ ಮಹೀಂದ್ರ ಬ್ಲೂಸ್ ಉತ್ಸವ ನಡೆದುಕೊಂಡು ಬಂದಿದೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಮೊದಲ ವರ್ಷವೇ ಶಿಕಾಗೋದ ಬ್ಲೂಸ್ ಗಿಟಾರ್‌ವಾದಕ ಬಡ್ಡಿ ಗೈ ಬಂದಿದ್ದರು. ಶಿಲ್ಲಾಂಗ್‌ನ ಸೋಲ್‌ಮೇಟ್ ಬ್ಯಾಂಡ್ ಎಲ್ಲಾದರೂ ಹಾಡುತ್ತಿದ್ದರೆ ತಪ್ಪಿಸಿಕೊಳ್ಳಬೇಡಿ, ತಿಪ್ರಿತಿ ಖರ್ಬಂಗಾರ್ ಅವರ ದನಿ ಬಹಳ ಗಟ್ಟಿ.

ಒಟ್ಟಿನಲ್ಲಿ ಮೊದಲು ಹರ್ಟ್, ಆಮೇಲೆ ಹೌಸ್, ಆಮೇಲೆ ಮಡ್ಡಿ. ಮೂವರನ್ನು ಕೇಳಿದ ಮೇಲೂ ಒಂದೇ ಥರ ಅನ್ನಿಸಿದರೆ ಬಿಟ್ಟುಬಿಡಿ, ಬಲವಂತ ಏನಿಲ್ಲ. ಹೌಸ್ ಅವರನ್ನು ಮಾತ್ರ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಆ ಉಕ್ಕಿನ ಗಿಟಾರಿನ ದಪ್ಪ ತಂತಿ ಅದರಲ್ಲಿ ಕೇಳಿಸುವುದೇ ಇಲ್ಲ.