ಆಶ್ರಯ ಕೋರಿಕೆ: ದಿನಾಂಕ ತಪ್ಪಿದರೆ ಕತೆಯೇ ಸುಳ್ಳೇ?

ಪ್ರಶ್ನೆ: ಪ್ರತಿಭಟನೆಯಲ್ಲಿ ಭಾಗವಹಿಸಿ ದೇಶ ಬಿಟ್ಟು, ಬೇರೊಂದು ದೇಶದಲ್ಲಿ ಆಶ್ರಯ ಕೋರಿರುವ ಪರಿಚಿತರೊಬ್ಬರು ಅಲ್ಲಿನ ಅಧಿಕಾರಿಗಳ ಎರಡು ಸಂದರ್ಶನಗಳಲ್ಲಿ ತಮ್ಮ ಬಂಧನಕ್ಕೆ ಬೇರೆ ಬೇರೆ ದಿನಾಂಕ ಹೇಳಿದ್ದಾರೆ. ಇದರಿಂದ ಅವರ ಅರ್ಜಿ ಬಿದ್ದುಹೋಗುತ್ತದೆಯೇ?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಿರುವುದಕ್ಕೆ ಕಾರಣ, ದಿನಾಂಕ ತಪ್ಪಿದವನು ಸುಳ್ಳುಗಾರ ಎಂಬ ನಂಬಿಕೆ ಅರ್ಜಿದಾರರಲ್ಲೂ ಕೆಲವು ಅಧಿಕಾರಿಗಳಲ್ಲೂ ಬೇರೂರಿರುವುದು. ವಿಶ್ವಾಸಾರ್ಹತೆಯ ಪರಿಶೀಲನೆಯು ವ್ಯಕ್ತಿಯ ಗುಣನಡತೆಯ ವಿಚಾರಣೆಯಲ್ಲ. ಕೋರಿಕೆಗೆ ಆಧಾರವಾದ ಮುಖ್ಯ ಸಂಗತಿಗಳನ್ನು ಒಪ್ಪಬಹುದೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಸಂಗತಿಗಳನ್ನು ಪತ್ತೆಹಚ್ಚುವ ಹೊಣೆ ಅರ್ಜಿದಾರ ಮತ್ತು ಪರಿಶೀಲಕ ಇಬ್ಬರದೂ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ 1979ರ ಕೈಪಿಡಿಯೇ ಹೇಳುತ್ತದೆ.

2019ರ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ಏರಿಕೆಯ ವಿರುದ್ಧ ಇರಾನಿನಲ್ಲಿ ನಡೆದ ಪ್ರತಿಭಟನೆಗಳನ್ನೇ ತೆಗೆದುಕೊಳ್ಳಿ. ಅಲ್ಲಿನವರ ನೆನಪಿನಲ್ಲಿರುವುದು ನವೆಂಬರ್ 15 ಅಲ್ಲ, ಇರಾನಿ ಪಂಚಾಂಗದ 1398ರ ಆಬಾನ್ 24. ದುಭಾಷಿ ಲೆಕ್ಕದಲ್ಲಿ ಒಂದು ದಿನ ತಪ್ಪಿದರೂ ಅದು ಅರ್ಜಿದಾರನ ವಿರೋಧಾಭಾಸವಾಗಿ ದಾಖಲಾಗುತ್ತದೆ. ಅಶ್ರುವಾಯುವಿನ ನಡುವೆ ಓಡಿದವನಿಗೆ ಯಾವ ಓಣಿಗೆ ನುಗ್ಗಿದೆ, ಯಾರು ತೋಳು ಹಿಡಿದೆಳೆದರು ಎಂಬುದು ನೆನಪಿದ್ದು, ಗಂಟೆ, ತಾರೀಖು ಮರೆತಿರುವುದು ಸಹಜವೇ. ಹೀಗಾಗಿ ನೋಡಬೇಕಾದದ್ದು ವ್ಯತ್ಯಾಸವು ಹೇಳಿಕೆಯ ತಿರುಳನ್ನು ತಟ್ಟುತ್ತದೆಯೇ, ವಿವರಿಸಲು ಅವಕಾಶ ಸಿಕ್ಕಿತೇ, ಉಳಿದ ವಿವರಗಳು ಆ ದೇಶದ ಪರಿಸ್ಥಿತಿಗೆ ಹೊಂದುತ್ತವೆಯೇ ಎಂಬುದನ್ನು. ಅತ್ತರೆ ನಿಜ, ಅಳದಿದ್ದರೆ ನಾಟಕ ಎಂಬ ಅಳತೆಗೋಲನ್ನು ನಾನು ಎಂದೂ ಒಪ್ಪುವುದಿಲ್ಲ.

ಹಾಗೆಂದು ನಿರ್ಲಕ್ಷ್ಯವೂ ಸಲ್ಲದು. ಅಮೆರಿಕದಲ್ಲಿ 2005ರ ರಿಯಲ್ ಐಡಿ ಕಾಯ್ದೆಯ ನಂತರ, ಕೋರಿಕೆಯ ತಿರುಳಿಗೆ ಸಂಬಂಧಿಸದ ವ್ಯತ್ಯಾಸವನ್ನೂ ಅರ್ಜಿದಾರನ ವಿರುದ್ಧ ಪರಿಗಣಿಸಬಹುದು. ಆದ್ದರಿಂದ ನಿಮ್ಮ ಪರಿಚಿತರು ತೀರ್ಪು ಬರುವ ಮೊದಲೇ, ತಪ್ಪು ಹೇಗಾಯಿತೆಂಬ ಕಾರಣದ ಸಹಿತ ವಕೀಲರ ಮೂಲಕ ಲಿಖಿತ ತಿದ್ದುಪಡಿ ಸಲ್ಲಿಸಲಿ. ಪತ್ರಿಕಾ ವರದಿ ಓದಿಕೊಂಡು ನೆನಪನ್ನು ಅದಕ್ಕೆ ಹೊಂದಿಸುವ ಕೆಲಸವನ್ನು ಮಾತ್ರ ಮಾಡಬಾರದು. ನೆನಪಿಲ್ಲದ್ದನ್ನು ನೆನಪಿಲ್ಲವೆಂದೇ ಹೇಳಬೇಕು.

ಪ್ರಶ್ನೆ: ಬಂಧನ ವಾರಂಟ್ ಮಾಡಿಸಿಕೊಡುತ್ತೇನೆ ಎಂದು ದಲ್ಲಾಳಿ ಹೇಳುತ್ತಿದ್ದಾನೆ. ಪಡೆಯಬಹುದೇ?

ಉತ್ತರ: ಬೇಡ. ಒಂದು ನಕಲಿ ಕಾಗದ ಸಾಕು, ನಿಜವಾಗಿ ಅನುಭವಿಸಿದ ಹಿಂಸೆಯನ್ನೂ ಯಾರೂ ನಂಬದಂತಾಗಲು. ಹಣ ಪಡೆದವನು ವಿಚಾರಣೆಯ ದಿನ ಜೊತೆಗಿರುವುದಿಲ್ಲ.

ಪ್ರಶ್ನೆ: ನಾನು ನಾಯಕನಲ್ಲ, ಗುಂಪಿನಲ್ಲಿ ಸುಮ್ಮನೆ ನಿಂತಿದ್ದವನು. ನನ್ನ ಅರ್ಜಿಗೆ ಬೆಲೆಯಿದೆಯೇ?

ಉತ್ತರ: ಇದೆ. ಆಳುವವರು ನಿಮ್ಮನ್ನು ವಿರೋಧಿಯೆಂದು ಎಣಿಸಿದ್ದಾರೆಯೇ ಎಂಬುದೇ ಮುಖ್ಯ. ಆದ್ದರಿಂದ ಇಲ್ಲದ ನಾಯಕತ್ವವನ್ನು ಕಟ್ಟಿ ಹೇಳಬೇಡಿ.

ಪ್ರಶ್ನೆ: ಫೇಸ್‌ಬುಕ್ ಪುಟಗಳ ಮುದ್ರಿತ ಪ್ರತಿ ಸಾಕ್ಷ್ಯಕ್ಕೆ ಸಾಕೇ?

ಉತ್ತರ: ಸಾಲದು. ಅವನ್ನು ತಿರುಚುವುದು ಸುಲಭವಾದ್ದರಿಂದ ಅವುಗಳ ಸಾಕ್ಷ್ಯಮೌಲ್ಯ ತೀರ ಕಡಿಮೆಯಿರಬಹುದೆಂದು ಬ್ರಿಟನ್ನಿನ ಮೇಲ್ಮನವಿ ನ್ಯಾಯಮಂಡಳಿಯು (ಅಪ್ಪರ್ ಟ್ರಿಬ್ಯೂನಲ್) 2022ರಲ್ಲಿ, ಇರಾನಿನ ಪ್ರಕರಣವೊಂದರಲ್ಲಿ ಹೇಳಿದೆ. ಖಾತೆಯ ಸಂಪೂರ್ಣ ಮಾಹಿತಿಯನ್ನು ಡೌನ್‌ಲೋಡ್ ಮಾಡಿ ಸಲ್ಲಿಸಿ.