ಓದುಗರ ಪ್ರಶ್ನೆಗಳು: ಪ್ರಾಣಿಗಳ ಹುಳು ಮನುಷ್ಯರಿಗೆ ಬರುವ ದಾರಿಗಳು

ಪ್ರಶ್ನೆ: ಭೂಮಿಯ ತಾಪಮಾನ ಏರುತ್ತಿರುವುದರಿಂದ ಪ್ರಾಣಿಗಳ ಪರೋಪಜೀವಿ ಹುಳುಗಳು ಮನುಷ್ಯರಿಗೂ ಹೆಚ್ಚಾಗಿ ಹರಡುತ್ತಿವೆ ಎಂದು ಓದಿದೆ. ಹುಳು ಇರುವುದು ಪ್ರಾಣಿಯ ದೇಹದೊಳಗೆ. ಅಲ್ಲಿಯ ಉಷ್ಣತೆ ಬದಲಾಗುವುದಿಲ್ಲ. ಹಾಗಿರುವಾಗ ಹೊರಗೆ ಬಿಸಿ ಹೆಚ್ಚಿದರೆ ಅದಕ್ಕೇನು?

ಉತ್ತರ: ಬೆಳೆದ ಹುಳುವಿನ ಮಟ್ಟಿಗೆ ನಿಮ್ಮ ತರ್ಕ ಸರಿಯಾಗಿಯೇ ಇದೆ. ಆದರೆ ಇಂಥ ಹುಳುಗಳಲ್ಲಿ ಹೆಚ್ಚಿನವು ತಮ್ಮ ಬಾಳಿನ ಒಂದು ಭಾಗವನ್ನು ಆ ಬೆಚ್ಚನೆಯ ದೇಹದ ಹೊರಗೆ, ಅಂದರೆ ಮಣ್ಣಿನಲ್ಲಿ ಮೊಟ್ಟೆಯಾಗಿಯೋ, ನೀರಿನಲ್ಲಿ ಈಜುವ ಮರಿಯಾಗಿಯೋ, ಬಸವನಹುಳು ಅಥವಾ ಸೊಳ್ಳೆಯ ಒಡಲಿನಲ್ಲಿಯೋ ಕಳೆಯಬೇಕಾಗುತ್ತದೆ. ಆ ಹಂತದ ಬೆಳವಣಿಗೆ ಸುತ್ತಲಿನ ಉಷ್ಣತೆಯನ್ನೇ ನೆಚ್ಚಿಕೊಂಡಿರುತ್ತದೆ. ನಾಯಿಗಳ ಚರ್ಮದಡಿಯಲ್ಲಿ ವಾಸಿಸುವ ಡೈರೋಫೈಲೇರಿಯಾ ರೆಪೆನ್ಸ್ ಎಂಬ ಹುಳು ಸೊಳ್ಳೆಯ ಮೂಲಕ ಮನುಷ್ಯರಿಗೂ ದಾಟಿ, ಚರ್ಮದಡಿಯಲ್ಲೋ ಕಣ್ಣಿನ ಸುತ್ತಲೋ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಉಷ್ಣತೆ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದರ ಮರಿ ಸೊಳ್ಳೆಯೊಳಗೆ ಬೆಳೆಯುವುದಿಲ್ಲ. ಹಿಂದೆ ಯುರೋಪಿನಲ್ಲಿ ಮುಖ್ಯವಾಗಿ ದಕ್ಷಿಣದ ದೇಶಗಳಿಗೆ ಸೀಮಿತವಾಗಿದ್ದ ಈ ಹುಳು ಈಗ ಮಧ್ಯ ಮತ್ತು ಪೂರ್ವ ಯುರೋಪಿನಲ್ಲೂ ನೆಲೆಯೂರಿದೆ. ಅಲ್ಲಿಗೆ ಅದನ್ನು ಹೊತ್ತೊಯ್ಯುವುದರಲ್ಲಿ ಗಡಿ ದಾಟಿ ಓಡಾಡುವ ಸಾಕುನಾಯಿಗಳ ಪಾಲು ದೊಡ್ಡದು; ಬಂದದ್ದು ಉಳಿಯುವುದಕ್ಕೆ ನೆರವಾದದ್ದು ಬೇಸಗೆಯ ಹೆಚ್ಚಿದ ಬಿಸಿ. ಹಾಗೆಂದು ಬಿಸಿ ಏರಿದಷ್ಟೂ ಹುಳು ಹೆಚ್ಚುತ್ತದೆ ಎಂದು ತಿಳಿಯಬೇಕಿಲ್ಲ. ಹಲವು ಹುಳುಗಳ ಮೊಟ್ಟೆ ಮತ್ತು ಮರಿಗಳು ಒಣಹವೆಗೆ ಬೇಗ ಸಾಯುವುದರಿಂದ, ಕೆಲವು ಪ್ರದೇಶಗಳಲ್ಲಿ ಅವುಗಳ ಕಾಟ ತಗ್ಗಲೂಬಹುದು.

ಪ್ರಶ್ನೆ: ನೀರಾವರಿ, ವಿದ್ಯುತ್, ಲಸಿಕೆ, ಪಶುವೈದ್ಯಕೀಯ ಎಲ್ಲವೂ ಬೆಳೆದಂತೆ ಇಂಥ ರೋಗಗಳು ತಾವಾಗಿಯೇ ಕಡಿಮೆಯಾಗಬೇಕಿತ್ತಲ್ಲವೇ?

ಉತ್ತರ: ಶೌಚಾಲಯ, ಶುದ್ಧ ನೀರು ಮತ್ತು ಕಸಾಯಿಖಾನೆಯ ತಪಾಸಣೆ ಬಂದಲ್ಲೆಲ್ಲ ಅನೇಕ ಹುಳುರೋಗಗಳು ಇಳಿದಿವೆ. ತೊಡಕೇನೆಂದರೆ, ಬೇರೊಂದು ಒಳ್ಳೆಯ ಉದ್ದೇಶಕ್ಕೆ ಮಾಡಿದ ಕೆಲಸವೇ ಎಷ್ಟೋ ಸಲ ಹುಳುವಿಗೆ ದಾರಿ ತೆರೆದಿದೆ.

ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ಮುಖದ ಬಳಿ 1986ರಲ್ಲಿ ಮುಗಿದ ಡಿಯಾಮಾ ಅಣೆಕಟ್ಟನ್ನು ನೋಡಿ. ಅದಕ್ಕೆ ಮೊದಲು ಬೇಸಗೆಯಲ್ಲಿ ಸಮುದ್ರದ ಉಪ್ಪುನೀರು ನದಿಯೊಳಕ್ಕೆ ಬಹುದೂರ ನುಗ್ಗುತ್ತಿತ್ತು. ಅಣೆಕಟ್ಟು ಅದನ್ನು ತಡೆದದ್ದರಿಂದ ಹೊಲಗಳಿಗೆ ವರ್ಷವಿಡೀ ಸಿಹಿನೀರು ದೊರೆಯಿತು. ಅದೇ ಸಿಹಿನೀರಿನಲ್ಲಿ, ನೀರಿಗಿಳಿದವರ ಚರ್ಮದ ಮೂಲಕ ಒಳಹೊಕ್ಕು ರಕ್ತನಾಳಗಳಲ್ಲಿ ನೆಲೆಸುವ ಷಿಸ್ಟೋಸೋಮಾ ಎಂಬ ಹುಳುವನ್ನು ಸಾಕುವ ಬಸವನಹುಳುಗಳೂ ಹುಲುಸಾಗಿ ಬೆಳೆದವು. ಆ ಬಸವನಹುಳುಗಳನ್ನು ತಿನ್ನುವ ಸಿಗಡಿಯು ಸಂತಾನೋತ್ಪತ್ತಿಗಾಗಿ ನದೀಮುಖದ ಸವಳು ನೀರಿಗೆ ಇಳಿದು ಬರಬೇಕು, ಆ ಓಡಾಟಕ್ಕೆ ಅಣೆಕಟ್ಟು ಅಡ್ಡವಾಯಿತು. ಕೆಲವೇ ವರ್ಷಗಳಲ್ಲಿ ರಿಚರ್ಡ್ ಟೋಲ್ ಪಟ್ಟಣದ ಸುತ್ತ ಕರುಳಿನ ಷಿಸ್ಟೋಸೋಮಾ ರೋಗ ವ್ಯಾಪಕವಾಗಿ ಹರಡಿತು. ಜನ ಮತ್ತು ದನ ಒಂದೇ ನೀರಿಗೆ ಇಳಿಯುವ ಆ ಕಣಿವೆಯಲ್ಲಿ, ಮನುಷ್ಯರ ಮೂತ್ರಕೋಶವನ್ನು ಕಾಡುವ ಷಿಸ್ಟೋಸೋಮಾ ಮತ್ತು ದನಗಳ ಷಿಸ್ಟೋಸೋಮಾ ಕೂಡಿ ಹುಟ್ಟಿದ ಮಿಶ್ರತಳಿಗಳೂ ಪತ್ತೆಯಾಗಿವೆ. 2013ರಲ್ಲಿ ಫ್ರಾನ್ಸಿನ ಕಾರ್ಸಿಕಾ ದ್ವೀಪದ ಕಾವು ನದಿಯಲ್ಲಿ ಈಜಿದ ಪ್ರವಾಸಿಗರಲ್ಲಿ ಇಂಥದೇ ಮಿಶ್ರತಳಿ ಕಾಣಿಸಿಕೊಂಡಾಗ, ಅದರ ವಂಶವಾಹಿಗಳು ಸೆನೆಗಲ್‌ನ ಹುಳುಗಳಿಗೆ ಬಹಳ ಹತ್ತಿರವಾಗಿದ್ದವು. ಮನುಷ್ಯನೊಬ್ಬನ ಮೂತ್ರದಲ್ಲಿ ಖಂಡಗಳನ್ನು ದಾಟಿ ಹೋದ ಹುಳುವಿಗೆ ಅಲ್ಲಿ ತಕ್ಕ ಬಸವನಹುಳು ಮೊದಲೇ ಕಾದಿತ್ತು.

ಲಸಿಕೆಯ ವಿಷಯದಲ್ಲೂ ಹೀಗೆಯೇ ಆಗಿದೆ. ಕಾಡಿನ ನರಿಗಳಿಗೆ ತಿನಿಸಿನಲ್ಲಿಟ್ಟು ರೇಬೀಸ್ ಲಸಿಕೆ ನೀಡುವ ಕ್ರಮ 1978ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಆರಂಭವಾಗಿ ಪಶ್ಚಿಮ ಯುರೋಪಿನಲ್ಲೆಲ್ಲ ಹಬ್ಬಿತು. ರೇಬೀಸ್ ಹೋಯಿತು, ನರಿಗಳ ಸಂಖ್ಯೆ ಏರಿತು, ಜ್ಯೂರಿಕ್‌ನಂಥ ನಗರಗಳೊಳಗೇ ಅವು ಬಿಡಾರ ಹೂಡಿದವು. ಅವುಗಳ ಕರುಳಿನಲ್ಲಿರುವ ಎಕಿನೋಕಾಕಸ್ ಮಲ್ಟಿಲೊಕ್ಯುಲಾರಿಸ್ ಎಂಬ ಪುಟ್ಟ ಲಾಡಿಹುಳುವೂ ಜೊತೆಗೇ ಬಂದಿತು. ಇದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಮರಿಯು ಯಕೃತ್ತಿನಲ್ಲಿ ಗಡ್ಡೆಯಂತೆ ಬೆಳೆಯುತ್ತದೆ, ರೋಗಲಕ್ಷಣ ತೋರುವುದಕ್ಕೆ 5ರಿಂದ 15 ವರ್ಷ ಹಿಡಿಯುತ್ತದೆ. ಇಷ್ಟು ದೀರ್ಘ ಕಾಲ ಮೌನವಾಗಿರುವ ರೋಗದಲ್ಲಿ ಕಾರಣ ಮತ್ತು ಪರಿಣಾಮಗಳ ನಂಟನ್ನು ಗುರುತಿಸುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಲಸಿಕೆ ಹಾಕಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ರೇಬೀಸ್ ಅದಕ್ಕಿಂತ ಘೋರವಾದದ್ದು.

ಆಡಳಿತ ಕುಸಿದರೆ ಹುಳು ಹರಡುವುದಕ್ಕೆ ಹವಾಮಾನದ ನೆರವೂ ಬೇಕಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕಜಕಸ್ತಾನ ಮತ್ತು ಕಿರ್ಗಿಸ್ತಾನಗಳ ಸಾಮೂಹಿಕ ಕುರಿಸಾಕಣೆ ಕೇಂದ್ರಗಳು ಮುಚ್ಚಿದವು, ಪಶುವೈದ್ಯ ಸೇವೆ ಸೊರಗಿತು, ಜನ ಮನೆಯಂಗಳದಲ್ಲೇ ಕುರಿ ಕಡಿದು ಒಳಾಂಗಗಳನ್ನು ನಾಯಿಗೆ ಎಸೆಯತೊಡಗಿದರು. ನಾಯಿ ಮತ್ತು ಕುರಿಗಳ ನಡುವೆ ಸುತ್ತುವ ಎಕಿನೋಕಾಕಸ್ ಗ್ರಾನ್ಯುಲೋಸಸ್ ಮನುಷ್ಯರಲ್ಲಿ ಉಂಟುಮಾಡುವ ನೀರುಗಡ್ಡೆಯ ಪ್ರಕರಣಗಳು ಮುಂದಿನ ದಶಕದಲ್ಲಿ ಅಲ್ಲಿ ಹಲವು ಪಟ್ಟು ಏರಿದವು. ಎಲ್ಲ ಹೊರೆಯನ್ನೂ ತಾಪಮಾನದ ತಲೆಗೆ ಕಟ್ಟುವ ಈಗಿನ ರೂಢಿ ಅಷ್ಟೇನೂ ಒಳ್ಳೆಯದಲ್ಲ ಎಂದು ನನಗನ್ನಿಸುವುದು ಇದೇ ಕಾರಣಕ್ಕೆ: ತಾಪಮಾನವನ್ನು ಇಳಿಸಲು ದಶಕಗಳು ಬೇಕು, ಕಸಾಯಿಖಾನೆಯ ತಪಾಸಣೆಯನ್ನು ಮತ್ತೆ ಆರಂಭಿಸಲು ಒಂದು ಆದೇಶ ಮತ್ತು ಒಂದಿಷ್ಟು ಹಣ ಸಾಕು.

ಪ್ರಶ್ನೆ: ಹಸಿ ಮೀನಿನ ಖಾದ್ಯಗಳು ಈಗ ಎಲ್ಲೆಡೆ ಸಿಗುತ್ತವೆ. ನಿಂಬೆರಸ ಅಥವಾ ವಿನಿಗರ್‌ನಲ್ಲಿ ನೆನೆಸಿದರೆ ಹುಳು ಸಾಯುತ್ತದೆಯೇ?

ಉತ್ತರ: ಅದನ್ನು ನಂಬುವಂತಿಲ್ಲ. ಸಮುದ್ರದ ಮೀನುಗಳಲ್ಲಿರುವ ಅನಿಸಾಕಿಸ್ ಎಂಬ ಹುಳುವಿನ ಮರಿಗಳು ಹುಳಿಯನ್ನೂ ಉಪ್ಪನ್ನೂ ಬಹಳ ಹೊತ್ತು ತಾಳಿಕೊಳ್ಳುತ್ತವೆ. ಮೀನನ್ನು ಚೆನ್ನಾಗಿ ಬೇಯಿಸಬೇಕು, ಇಲ್ಲವೇ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಹೆಪ್ಪುಗಟ್ಟಿಸಿಡಬೇಕು. ಬರಿಯ ಮಂಜುಗಡ್ಡೆಯ ಮೇಲೆ ವಿಮಾನದಲ್ಲಿ ಬರುವ ‘ತಾಜಾ’ ಮೀನು ಎಷ್ಟೇ ದುಬಾರಿಯಾದರೂ ಈ ಲೆಕ್ಕದಲ್ಲಿ ಸುರಕ್ಷಿತವಲ್ಲ.

ಪ್ರಶ್ನೆ: ಮನೆಯಲ್ಲಿ ನಾಯಿ ಇದೆ. ಅದನ್ನು ಮಕ್ಕಳಿಂದ ದೂರವಿಡಬೇಕೇ?

ಉತ್ತರ: ಬೇಕಿಲ್ಲ. ನಾಯಿಯ ಸಾಮಾನ್ಯ ದುಂಡುಹುಳುವಾದ ಟಾಕ್ಸೊಕಾರಾದ ಮೊಟ್ಟೆಗೆ ರೋಗ ಹರಡುವ ಶಕ್ತಿ ಬರಲು ಮಣ್ಣಿನಲ್ಲಿ ಕೆಲವು ವಾರಗಳಾದರೂ ಬೇಕಾಗುವುದರಿಂದ, ಮಲವನ್ನು ಅಂದಂದೇ ತೆಗೆದುಹಾಕಿದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಎಕಿನೋಕಾಕಸ್‌ನ ಮೊಟ್ಟೆ ಮಾತ್ರ ಹೊರಬಿದ್ದ ಕ್ಷಣದಿಂದಲೇ ಅಪಾಯಕಾರಿ. ಅದಕ್ಕೆ ಉಪಾಯವೆಂದರೆ ನಾಯಿಗೆ ಹಸಿ ಒಳಾಂಗಗಳನ್ನು ಹಾಕದಿರುವುದು, ಪಶುವೈದ್ಯರು ಹೇಳಿದ ಅವಧಿಗೆ ಹುಳುವಿನ ಔಷಧ ಕೊಡಿಸುವುದು, ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸುವುದು. 19ನೇ ಶತಮಾನದಲ್ಲಿ ಎಕಿನೋಕಾಕಸ್‌ನ ನೀರುಗಡ್ಡೆ ರೋಗದಿಂದ ಬಹಳವಾಗಿ ನರಳುತ್ತಿದ್ದ ಐಸ್‌ಲ್ಯಾಂಡ್, ಒಳಾಂಗಗಳು ನಾಯಿಗಳ ಬಾಯಿಗೆ ಬೀಳದಂತೆ ಜನರಿಗೆ ತಿಳಿಹೇಳಿ, ನಾಯಿಸಾಕಣೆಗೆ ಕಾನೂನಿನ ಕಟ್ಟುಪಾಡು ಹಾಕಿ, ಮುಂದಿನ ಶತಮಾನದಲ್ಲಿ ಅದನ್ನು ದ್ವೀಪದಿಂದಲೇ ತೊಲಗಿಸಿತು.