ಮೊದಲು ಸ್ನಾನದ ನೀರನ್ನು ಒಲೆಯಿಂದ ಇಳಿಸಿ

ನಾಲ್ಕು ಜನರ ಮನೆಯಲ್ಲಿ ಸಿಲಿಂಡರ್ 25 ದಿನಕ್ಕೇ ಖಾಲಿ, ತಿಂಗಳಾದರೂ ಬರಬೇಕಾದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಸ್ನಾನದ ನೀರನ್ನೂ ಗ್ಯಾಸಿನ ಮೇಲೆಯೇ ಕಾಯಿಸುತ್ತೇವೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ನಿಮ್ಮ ಗ್ಯಾಸ್ ಖರ್ಚಾಗಿ ಹೋಗುತ್ತಿರುವುದು ಅಲ್ಲೇ. ಲೆಕ್ಕ ನೋಡಿ: ದಿನಕ್ಕೆ 15 ಲೀಟರಿನ ನಾಲ್ಕು ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಿದರೂ 25 ದಿನಕ್ಕೆ ಸುಮಾರು 4 ಕೆ.ಜಿ. ಗ್ಯಾಸ್ ಬೇಕು. ಸಿಲಿಂಡರಿನಲ್ಲಿ ಇರುವುದೇ 14.2 ಕೆ.ಜಿ.

ಅಷ್ಟೇ ನೀರಿಗೆ ವಿದ್ಯುತ್ತಾದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಸಾಕು. ಆದರೆ ನೀವು ಗೃಹಜ್ಯೋತಿ ಯೋಜನೆಯಲ್ಲಿದ್ದರೆ ಮೀಟರಿನ ಮೇಲೆ ಕಣ್ಣಿರಲಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು. ಹಿತ್ತಲಿದ್ದು, ತೆಂಗಿನ ಗರಿ, ಚಿಪ್ಪು ಸಿಗುವುದಾದರೆ ಹಳೆಯ ಹಂಡೆಯೇ ಲೇಸು.

ಅಡುಗೆಯಲ್ಲಿ ಉಳಿಸುವುದು ಚಿಲ್ಲರೆ, ಆದರೂ ಬಿಡಬೇಡಿ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ, ಅನ್ನದ ಜೊತೆಗೇ ಕುಕ್ಕರಿನಲ್ಲಿ ಇನ್ನೊಂದು ಡಬ್ಬಿಯಲ್ಲಿಡಿ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ. ಐದಾರು ಕೂಗು ಹಾಕಿಸಿದರೇ ಬೇಳೆ ಬೇಯುವುದು ಎಂಬ ನಂಬಿಕೆ ನಮ್ಮ ಮನೆಯಲ್ಲೂ ಇತ್ತು. ಅದನ್ನು ಬಿಡಿಸುವಷ್ಟರಲ್ಲಿ ನನಗೆ ಸಾಕಾಯಿತು! ಉರಿ ಹಳದಿಯಾಗಿದ್ದು ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರ್ ಬಿಚ್ಚಿ ತೂತುಗಳನ್ನು ಪಿನ್ನಿನಿಂದ ಬಿಡಿಸಿ, ತೊಳೆದು ಒಣಗಿಸಿ.

ಹೊಸ ಸಿಲಿಂಡರ್ ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಸ್ನಾನದ ನೀರು ನಿಲ್ಲಿಸಿದ ಮೇಲೂ 25 ದಿನಕ್ಕೇ ಮುಗಿದರೆ, ರಬ್ಬರ್ ಕೊಳವೆಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ.